ಎಡಗಡೆ ಬಿಟ್ಟ ಜಾಗ

ಸಾಯುವುದಕ್ಕೆ ನಾಲ್ಕು ದಿನ ಮೊದಲು ಹಾಲಮ್ಮ ಮಗಳ ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟಳು. "ನಾನು ಇವಳ ಎಡಕ್ಕೇ ನಿಲ್ತೀನಿ. ಎಷ್ಟು ವರ್ಷ ನಿಂತ್ರೂ ಎಡಕ್ಕೇ. ಬಲಕ್ಕೆ ಬರಲ್ಲ." ಆ ಮಾತು ಕೇಳಿ ತೆಗೆದುಕೊಂಡವನು ಅವಳ ಗಂಡ, ನಾನು. ಸಂಪಿಗೆಗೆ ಆಗ ಆರು ತುಂಬುವುದರಲ್ಲಿತ್ತು. ಅಮ್ಮನ ಕೈ ಭಾರಕ್ಕೆ ಕತ್ತು ಕುಗ್ಗಿಸಿಕೊಂಡು ರಸ್ಕು ತಿನ್ನುತ್ತಾ ನಿಂತಿದ್ದಳು. ಹಾಲಮ್ಮ ಕೈ ತೆಗೆದು ನನ್ನ ಕಡೆ ತಿರುಗಿ, ಒಣಗಿದ ತುಟಿಯಲ್ಲೇ ನಕ್ಕು, "ಮತ್ತೆ ನಿಮ್ಮದು?" ಅಂದಳು. "ನನ್ನದೆಲ್ಲಾ ಬಿಡು, ಇವಳದೊಂದು ಆಯ್ತಲ್ಲ, ಸಾಕು" ಅಂದೆ. ಅಷ್ಟರಲ್ಲಿ ಬೀದಿಯಿಂದ ಯಾರೋ ಇಸ್ತ್ರಿ ಬಟ್ಟೆಗೆ ಕೂಗಿದರು. ಎದ್ದು ಹೋದೆ.

ನಮ್ಮೂರಿನಲ್ಲಿ ಫೋಟೋಕ್ಕೆ ನಿಲ್ಲುವಾಗ ಪಕ್ಕದಲ್ಲಿ ಒಂದು ಆಳಿನಷ್ಟು ಜಾಗ ಬಿಟ್ಟು ನಿಲ್ಲುತ್ತಾರೆ. ಮದುವೆಯ ಫೋಟೋಗಳಲ್ಲಿ ಸಾಲು ಅಲ್ಲಲ್ಲಿ ಹಲ್ಲು ಬಿದ್ದ ಬಾಯಿಯ ಹಾಗೆ ಇರುತ್ತದೆ. ರೀಲು ತೊಳೆದು ಪ್ರಿಂಟು ಹಾಕಿಸಿದ ಮೇಲೆ ಆ ಸಂದುಗಳು ತುಂಬಿರುತ್ತವೆ. ಇಲ್ಲಿ ಅಜ್ಜಿ, ಅಲ್ಲಿ ಚಿಕ್ಕಪ್ಪ, ತುದಿಯಲ್ಲಿ ಹುಟ್ಟಿದ ಮೂರೇ ತಿಂಗಳಿಗೆ ಹೋದ ಕೂಸನ್ನು ಎತ್ತಿಕೊಂಡು ಯಾರದೋ ಅತ್ತೆ. "ನಿಮ್ಮಪ್ಪ ಈ ಸಲ ಸೊರಗಿದ್ದಾರಲ್ಲೋ" ಎಂದು ನೆಂಟರು ಮಾತಾಡಿಕೊಳ್ಳುತ್ತಾರೆ. ಮೊಬೈಲಿಗೆ ತೀರಿಹೋದವರು ಬರುವುದಿಲ್ಲ, ರೀಲಿಗೆ ಮಾತ್ರ. ಒಮ್ಮೆ ಹೊರಗಿನಿಂದ ಬಂದ ಡ್ರಿಲ್ ಮೇಷ್ಟ್ರೊಬ್ಬರು ಏಳನೇ ತರಗತಿಯ ಮಕ್ಕಳನ್ನು "ಹತ್ರ ಹತ್ರ ನಿಲ್ರೋ" ಎಂದು ಒತ್ತಿ ನಿಲ್ಲಿಸಿ ಫೋಟೋ ತೆಗೆಸಿಬಿಟ್ಟರು. ಪ್ರಿಂಟು ಬಂದಾಗ ಅರ್ಧ ಮಕ್ಕಳ ಮುಖವೇ ಇರಲಿಲ್ಲ, ಎದುರಿಗೆ ಅವರವರ ಹಿರಿಯರು ನಿಂತಿದ್ದರು. ಮೇಷ್ಟ್ರು ಅದೇ ವಾರ ವರ್ಗ ಮಾಡಿಸಿಕೊಂಡು ಹೋದರು.

ತಮ್ಮವರ ಎಡಗಡೆ ನಿಂತವರು ನೋಡಿಕೊಂಡು ಹೋಗಲು ಬಂದವರು. ಬಲಗಡೆ ನಿಂತವರು ಕರೆದುಕೊಂಡು ಹೋಗಲು ಬಂದವರು. ಇದನ್ನು ನಮ್ಮಲ್ಲಿ ಯಾರೂ ಮಕ್ಕಳಿಗೆ ಕೂರಿಸಿಕೊಂಡು ಹೇಳುವುದಿಲ್ಲ, ಆದರೂ ಮಕ್ಕಳಿಗೆ ಗೊತ್ತಿರುತ್ತದೆ. ಫೋಟೋದಲ್ಲಿ ಯಾರದಾದರೂ ಬಲಕ್ಕೆ ತೀರಿಹೋದವರು ನಿಂತಿದ್ದರೆ ಸ್ಟುಡಿಯೋದ ಪೀರಣ್ಣ ಪ್ರಿಂಟನ್ನು ಸುಮ್ಮನೆ ಕೊಡುತ್ತಿರಲಿಲ್ಲ. ಆ ಜಾಗದ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, "ಮನೇಲಿ ದೊಡ್ಡೋರು ಯಾರಿದ್ದಾರಪ್ಪಾ?" ಎಂದು ಕೇಳುತ್ತಿದ್ದರು. ಆಮೇಲೆ ಆ ಮನೆಯಲ್ಲಿ ಅಳುವುದಿಲ್ಲ. ಹೋಗಬೇಕಾದವರಿಗೆ ಇಷ್ಟವಾದದ್ದನ್ನು ಮಾಡಿ ಬಡಿಸುತ್ತಾರೆ, ಮಾತು ಬಿಟ್ಟವರು ಬಂದು ಮಾತಾಡಿಸಿ ಹೋಗುತ್ತಾರೆ. ಅದಾದ ಮೇಲೆ ಒಂದು ವರ್ಷ ದಾಟಿದವರಿಲ್ಲ.

ಚಿಕ್ಕ ಮಕ್ಕಳನ್ನು ಬಿಟ್ಟು ಹೋದ ತಾಯಂದಿರು ಬಲಕ್ಕೆ ನಿಲ್ಲುವುದು ಹೆಚ್ಚು ಎಂದು ಹೇಳುತ್ತಾರೆ. ಬಿಟ್ಟಿರಲಾರದೆ. ಹಾಲಮ್ಮನಿಂದ ನಾನು ಮಾತು ಕೊಡಿಸಿಕೊಂಡದ್ದು ಅದಕ್ಕೇ.

ಅವಳು ಹೋಗುವ ಹಿಂದಿನ ವರ್ಷವೇ ಪೀರಣ್ಣನ ಪ್ರಿಂಟಿಂಗ್ ಮೆಷಿನ್ನು ಕೆಟ್ಟು ನಿಂತಿತ್ತು. ರೀಲು ತೊಳೆಯುವುದನ್ನು ಮಾತ್ರ ಅವರು ಸ್ಟುಡಿಯೋದ ಹಿಂದಿನ ಬಚ್ಚಲಲ್ಲಿ ಹಾಗೂ ಹೀಗೂ ಮಾಡುತ್ತಿದ್ದರು. ಊರಿನವರೆಲ್ಲ ನೆಗೆಟಿವ್ ಪಟ್ಟಿಗಳನ್ನು ಬಿಸ್ಕತ್ತು ಡಬ್ಬದಲ್ಲಿಟ್ಟು ಕಾದರು. ನೆಗೆಟಿವ್ ಅನ್ನು ಬೆಳಕಿಗೆ ಹಿಡಿದರೆ ಬಿಟ್ಟ ಜಾಗ ಬರೀ ಕಿತ್ತಳೆ ಬಣ್ಣವಾಗಿ ಕಾಣುತ್ತದೆ, ಯಾರು ನಿಂತಿದ್ದಾರೆ ಎಂದು ಗೊತ್ತಾಗುವುದಿಲ್ಲ. ನಾನಂತೂ ತೊಳೆಸಲಿಕ್ಕೂ ಹೋಗಲಿಲ್ಲ. ನನ್ನ ಹತ್ತಿರ ಇದ್ದದ್ದು ಒಂದೇ ರೀಲು, ಮೂವತ್ತಾರು ಫೋಟೋದ್ದು. ಪ್ರತಿ ವರ್ಷ ಸಂಪಿಗೆಯ ಹುಟ್ಟಿದ ದಿನ ನೀಲಿ ಸುಣ್ಣದ ಗೋಡೆಗೆ ಅವಳನ್ನು ನಿಲ್ಲಿಸಿ, ಎಡಕ್ಕೆ ಜಾಗ ಬಿಡಿಸಿ, ನಾಲ್ಕೇ ನಾಲ್ಕು ತೆಗೆಯುತ್ತಿದ್ದೆ. ಆಮೇಲೆ ಕ್ಯಾಮೆರಾ ಅಕ್ಕಿ ಡಬ್ಬದ ಹಿಂದೆ. ಹೀಗೆ ಒಂಬತ್ತು ವರ್ಷ.

ಈ ವರ್ಷ ಮೂವತ್ತೈದು ಆದಾಗ ಇದೇ ಕೊನೆಯದು, ಊರಲ್ಲಿ ಬೇರೆ ರೀಲು ಸಿಗುವುದಿಲ್ಲ ಎಂದು ಪೀರಣ್ಣನನ್ನೇ ಕರೆದಿದ್ದೆ. ಕಣ್ಣಿಗೆ ಪೊರೆ ಬಂದು ಅವರಿಗೆ ಎದುರಿನವರು ನೆರಳಿನಂತೆ ಕಾಣುತ್ತಾರೆ. ಆದರೂ ಕ್ಯಾಮೆರಾ ಕೈಗೆ ಬಂದರೆ ಬೆನ್ನು ನೆಟ್ಟಗಾಗುತ್ತದೆ. "ಒಂಬತ್ತು ವರ್ಷ ಇದರ ಹಿಂದೇ ನಿಂತೆಯಲ್ಲೋ ತಿಪ್ಪಣ್ಣ, ಈ ಒಂದಕ್ಕಾದ್ರೂ ಮುಂದೆ ಬಾ" ಅಂದರು. "ಬಾ ಅಪ್ಪಾ, ಬಿಂಕ ಮಾಡಬೇಡ" ಎಂದು ಸಂಪಿಗೆ ಕೈ ಬೀಸಿದಳು. ಇಸ್ತ್ರಿ ಮೇಜಿನಿಂದ ಹಾಗೇ ಎದ್ದು ಬಂದವನು, ಬೆವರು ಒರೆಸಿಕೊಂಡು, ಅವಳ ಎಡಕ್ಕೆ ಬಿಟ್ಟ ಜಾಗವನ್ನು ಹಾಗೇ ಬಿಟ್ಟು, ಅದರ ಆಚೆ ನಿಂತೆ. ಪೀರಣ್ಣ ಒತ್ತಿದರು. ರೀಲು ತನ್ನಷ್ಟಕ್ಕೆ ಸುತ್ತಿಕೊಂಡು ನಿಂತಿತು.

ಅವರೇ ತೊಳೆದು, ಅಂದಾಜಿನ ಮೇಲೆ ಐದೈದು ಫೋಟೋಕ್ಕೆ ಕತ್ತರಿ ಹಾಕಿ, ಏಳು ಪಟ್ಟಿ ಮತ್ತು ಒಂಟಿಯಾಗಿ ಉಳಿದ ಕೊನೆಯದೊಂದನ್ನು ಕೊಟ್ಟರು. ಜೊತೆಗೆ ಇಟ್ಟಿಗೆ ಗಾತ್ರದ ಒಂದು ಕರಿ ಪೆಟ್ಟಿಗೆ. "ಸ್ಕ್ಯಾನರ್ ಇದು. ತಂಗಿ ಮಗ ತಂದುಕೊಟ್ಟ. ನನ್ನ ಕಣ್ಣಿಗೆ ಇದರ ಉಪಯೋಗ ಇಲ್ಲ. ಮನೇಲಿ ಮಡಚೋ ಕಂಪ್ಯೂಟರ್ ಇದೆಯಲ್ಲ, ತಗೊಂಡು ಹೋಗು. ಕಲಿತ್ಕೊಂಡ್ರೆ ಊರವರದ್ದೂ ಮಾಡಿಕೊಡಬಹುದು."

ಬೆಳಗ್ಗೆ ನಾಲ್ಕಕ್ಕೆ ನಾನು ಬೇಕರಿಯ ಒಲೆ ಮುಂದೆ ಇರುತ್ತೇನೆ. ಹನ್ನೊಂದಕ್ಕೆ ಬಂದು ಇಸ್ತ್ರಿ ಮೇಜಿಗೆ ನಿಲ್ಲುತ್ತೇನೆ. ನಡುವೆ ಅನ್ನಕ್ಕಿಟ್ಟು, ಅದು ಬೇಯುವಷ್ಟರಲ್ಲಿ ಒಂದು ಪಟ್ಟಿ ಸ್ಕ್ಯಾನ್ ಮಾಡುವುದೆಂದು ಲೆಕ್ಕ ಹಾಕಿದ್ದೆ. ಮೊದಲ ದಿನ ಅನ್ನ ಸೀದುಹೋಯಿತು, ಫೋಟೋ ಬರಲಿಲ್ಲ. ಪಟ್ಟಿ ಸುರುಳಿ ಸುತ್ತಿಕೊಂಡು ಸ್ಕ್ಯಾನರಿನ ತಟ್ಟೆಯಲ್ಲಿ ಕೂರುತ್ತಿರಲಿಲ್ಲ. ಕೂರಿಸಿದರೆ ನಡುವೆ ಉಬ್ಬಿ, ಫೋಟೋದ ಮಧ್ಯ ಸ್ಪಷ್ಟವಾಗಿ ಅಂಚುಗಳೆಲ್ಲ ಮಂಜಾಗುತ್ತಿದ್ದವು.

"ಇಸ್ತ್ರಿ ಹಾಕಿಬಿಡು" ಅಂದಳು ಸಂಪಿಗೆ.

"ಹಾಕ್ತೀನಿ ತಾಳು, ನಿನ್ನ ನಾಲಗೆಗೆ."

ಶಾಲೆಯ ಸಮಾಜ ಪುಸ್ತಕದ ನಡುವೆ ಪಟ್ಟಿಗಳನ್ನಿಟ್ಟು ಮೇಲೆ ತಣ್ಣಗಿನ ಇಸ್ತ್ರಿಪೆಟ್ಟಿಗೆ ಹೇರಿ ಮೂರು ದಿನ ಬಿಟ್ಟೆ. ಮಟ್ಟಸವಾದವು.

ಆಮೇಲೆ ಬಣ್ಣ. ಮೊದಲು ಎಲ್ಲವೂ ಕೆರೆಯ ತಳದಲ್ಲಿ ತೆಗೆದ ಹಾಗೆ ಹಸಿರು ನೀಲಿಯಾಗಿ ಬಂದವು. ನೆಗೆಟಿವ್ ಎಂದು ಹೇಳಬೇಕಾದಲ್ಲಿ ಬೇರೇನೋ ಆರಿಸಿದ್ದೆ. ಸರಿಪಡಿಸಿದರೆ ಎಲ್ಲವೂ ಗುಲಾಬಿ. ಅದು ರೀಲಿನ ತಪ್ಪು. ಒಂಬತ್ತು ವರ್ಷ ಅಡುಗೆಮನೆಯ ಬಿಸಿಯಲ್ಲಿ ಕೂತಿದ್ದಕ್ಕೆ ಹಳೆಯ ಫೋಟೋಗಳು ಹೆಚ್ಚು ಮಾಸಿದ್ದವು. ಕಂಪ್ಯೂಟರಿನಲ್ಲಿ ಒಂದು ಪಿಚಕಾರಿಯ ಗುರುತಿದೆ, ಅದನ್ನು ಹಿಡಿದು ಬಿಳಿ ಯಾವುದೆಂದು ತೋರಿಸಬೇಕು. ಉಳಿದ ಬಣ್ಣಗಳು ಅದರ ಹಿಂದೆ ಸಾಲಾಗುತ್ತವೆ. ಬಿಳಿ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೀಲಿ ಅದ್ದಿದ ಬಿಳಿ, ಹಳದಿಗಟ್ಟಿದ ಬಿಳಿ, ಬೆವರಿನ ಬಿಳಿ, ಬರೀ ಸೋಪಿನ ಬಿಳಿ, ಎಲ್ಲ ಕೈ ಅಡಿಯಲ್ಲಿ ಹಾದುಹೋಗಿವೆ. ಸಂಪಿಗೆಯ ಯೂನಿಫಾರಂ ಅಂಗಿಯ ಕಾಲರಿನ ಮೇಲೆ ತೋರಿಸಿದೆ. ಗೋಡೆ ನಮ್ಮ ಮನೆಯ ಗೋಡೆಯೇ ಆಯಿತು, ಸುಣ್ಣಕ್ಕೆ ಹಾಲಮ್ಮ ತನ್ನ ಕೈಯಾರೆ ಬೆರೆಸಿದ ನೀಲಿ. ಆರು ವರ್ಷದ ಸಂಪಿಗೆ ಮುಂದಿನ ಹಲ್ಲಿಲ್ಲದೆ ನಕ್ಕಳು.

ಅವಳ ಪಕ್ಕದ ಜಾಗ ಖಾಲಿ.

ಎರಡನೇ ಫೋಟೋ, ಖಾಲಿ. ಏಳು ವರ್ಷದ್ದು, ಹತ್ತು ವರ್ಷದ್ದು, ಹದಿನಾಲ್ಕರದ್ದು, ಎಲ್ಲ ಖಾಲಿ. ಗೋಡೆ ಮಾತ್ರ. ಆ ಜಾಗದಲ್ಲಿ ಗೋಡೆ ಯಾಕೋ ವಿಪರೀತ ನುಣುಪಾಗಿತ್ತು, ಸುಣ್ಣದ ಬಿರುಕು ಅಲ್ಲಿಗೆ ಬಂದು ನಿಂತು, ಆಚೆ ಮತ್ತೆ ಶುರುವಾಗುತ್ತಿತ್ತು. ನನ್ನ ಹೆಗಲ ಮೇಲಿಂದ ನೋಡುತ್ತಿದ್ದ ಸಂಪಿಗೆ ಮೂವತ್ತೈದನ್ನೂ ಬೆರಳು ಮಡಚಿ ಎಣಿಸಿದಳು.

"ಅಮ್ಮ ಒಂದು ಸಲಾನೂ ಬಂದಿಲ್ವಾ ಅಪ್ಪಾ?"

"ಮೆಷಿನ್ ಸರಿ ಇಲ್ಲ ಮಗಾ."

"ನಾನು ಚೆನ್ನಾಗಿ ಬಂದಿದೀನಲ್ಲ."

ಒಂಬತ್ತು ವರ್ಷ ಹುಟ್ಟಿದ ದಿನ ಅವಳು ಒಂದು ಆಳಿನ ಜಾಗ ಬಿಟ್ಟು, ಮೈ ಮುದುರಿಕೊಂಡು, ಆ ಕಡೆಯ ಕೈಯನ್ನು ಸ್ವಲ್ಪವೇ ಹೊರಗೆ ಚಾಚಿ ನಿಂತಿದ್ದಳು. ಚಾಚಿದ ಆ ಕೈ ಎಲ್ಲ ಫೋಟೋದಲ್ಲೂ ಕಾಣುತ್ತಿತ್ತು. ಮಧ್ಯಾಹ್ನದ ಬಿಡುವಿಗೆ ಬಂದಿದ್ದವಳು ಅವತ್ತು ಊಟ ಮಾಡದೆ ಶಾಲೆಗೆ ವಾಪಸು ಹೋದಳು.

ಮಾರನೆಯ ದಿನ ಪೀರಣ್ಣನ ಬಳಿ ಹೋದೆ. ಅವರು ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

"ಧೂಳು ತೆಗೆಯೋದು ಅಂತ ಒಂದಿರುತ್ತೆ, ಅದನ್ನ ಹಾಕಿದ್ದೀಯಾ?"

"ಹಾಕಿದೀನಿ. ತುಂಬಾ ಧೂಳಿತ್ತು."

"ಅಯ್ಯೋ ನಿನ್ನ!" ಎಂದು ಮೊರ ಕೆಳಗಿಟ್ಟರು. "ಅದರೊಳಗೆ ಎರಡು ದೀಪ ಇದಾವೆ ಕಣೋ. ಒಂದು ಕಾಣೋದು, ಇನ್ನೊಂದು ಕಣ್ಣಿಗೆ ಕಾಣದ್ದು. ಆ ಕಾಣದ ಬೆಳಕು ಬಣ್ಣದೊಳಗಿಂದ ಆರಾಮಾಗಿ ಹಾದುಹೋಗುತ್ತೆ. ಧೂಳು ಬಂದ್ರೆ ತಡೀತದೆ. ತಡೆದದ್ದೆಲ್ಲಾ ಧೂಳು ಅಂತ ತಿಳ್ಕೊಂಡು ಅಳಿಸಿ, ಪಕ್ಕದ ಗೋಡೆ ತಂದು ತೇಪೆ ಹಾಕುತ್ತೆ ಅದು. ಅದನ್ನ ಮಾಡಿದೋರಿಗೆ ನಮ್ಮೂರು ಗೊತ್ತಿಲ್ಲ. ನಿನ್ನ ಹೆಂಡ್ತೀನ ನೀನೇ ಒರೆಸಿ ಹಾಕಿದ್ದೀಯ. ಹೋಗು, ತೆಗಿ ಅದನ್ನ."

ಮನೆಗೆ ಬಂದು ತೆಗೆದೆ. ಮೊದಲ ಪಟ್ಟಿ ಮತ್ತೆ ಹಾಕಿದೆ. ಧೂಳು, ಕೂದಲು, ಗೀರು, ಎಲ್ಲ ವಾಪಸು ಬಂದವು. ಹಾಲಮ್ಮನೂ ಬಂದಳು.

ಅವಳ ಮೈಮೇಲೆ ಆ ನೇರಳೆ ಸೀರೆ ಇತ್ತು, ನಿಂಬೆ ಬಣ್ಣದ ಅಂಚಿನದು. ಕೊನೆಯ ದಿನ ನಾನೇ ಇಸ್ತ್ರಿ ಮಾಡಿ, ಒಳಗೆ ಹೆಂಗಸರು ಅವಳನ್ನು ಸಿದ್ಧ ಮಾಡುತ್ತಿದ್ದಾಗ ಪರದೆಯ ಸಂದಿನಿಂದ ಕೊಟ್ಟ ಸೀರೆ. ಮಡಿಕೆಯ ಗೆರೆಗಳು ಕೂಡ ಹಾಗೇ ಇದ್ದವು. ಆದರೆ ಅವಳು ಬಣ್ಣಕ್ಕೆ ಬಗ್ಗಲಿಲ್ಲ. ಗೋಡೆ ಸರಿ ಮಾಡಿದರೆ ಅವಳ ಮುಖ ಪಾಚಿ ಹತ್ತಿದ ಹಾಗಾಗುತ್ತಿತ್ತು. ಅವಳ ಮುಖಕ್ಕೆ ನಾನು ಕಂಡಿದ್ದ ಗೋಧಿ ಬಣ್ಣ ಬರುವ ತನಕ ಎಳೆದರೆ, ಪಕ್ಕದಲ್ಲಿ ನಗುತ್ತಿದ್ದ ಸಂಪಿಗೆಯ ತುಟಿ ಬೂದಿಯಾಗುತ್ತಿತ್ತು, ಉಗುರು ನೀಲಿಗಟ್ಟುತ್ತಿತ್ತು. ಇಬ್ಬರೂ ಒಟ್ಟಿಗೆ ಸರಿಯಾಗುವ ಒಂದು ಜಾಗ ಎಲ್ಲೂ ಇರಲಿಲ್ಲ. ಹುಡುಕುತ್ತಾ ಒಂದು ಗಂಟೆ ಹೋಯಿತು. ಕೊನೆಗೆ ಮಗಳ ಬಣ್ಣಕ್ಕೆ ಬಿಟ್ಟೆ.

ಅಷ್ಟೆಲ್ಲ ಆದ ಮೇಲೆ ಗಮನಿಸಿದೆ. ಹಾಲಮ್ಮ ನಿಂತಿದ್ದದ್ದು ಸಂಪಿಗೆಯ ಬಲಕ್ಕೆ.

ಬಲಕ್ಕೇ. ಫೋಟೋದಲ್ಲಿರುವವರು ನಮಗೆ ಎದುರಾಗಿರುತ್ತಾರೆ, ಅವರ ಬಲ ನಮ್ಮ ಎಡ. ನನ್ನ ಎರಡೂ ಕೈ ಮುಂದೆ ಹಿಡಿದು, ತಿರುಗಿ ನಿಂತು, ಗೋಡೆಗೆ ಬೆನ್ನು ಕೊಟ್ಟು ನೋಡಿದೆ. ಬಲವೇ. ಉಳಿದ ಪಟ್ಟಿಗಳನ್ನೂ ಒಂದೊಂದಾಗಿ ಹಾಕಿ ನೋಡಿದೆ, ಒಂಬತ್ತು ವರ್ಷದಲ್ಲೂ ಬಲಕ್ಕೇ. ಹಾಗಾದರೆ ಜಾಗ ಬಿಡಿಸಿದ್ದು ನಾನೇ ತಪ್ಪಾಗಿಯೇ? ಕ್ಯಾಮೆರಾ ಹಿಂದೆ ನಿಂತು, ನನ್ನ ಎಡವನ್ನೇ ಅವಳ ಎಡ ಎಂದುಕೊಂಡೆನೇ? ಎಡಕ್ಕೆ ಬಿಡಿಸಿದ್ದೆ ಎಂದು ಆಣೆ ಮಾಡಿ ಹೇಳಬಲ್ಲವನಾಗಿದ್ದೆ. ಆದರೆ ಬೆಳಗಿನ ಪಾಳಿ ಮುಗಿಸಿ ನಿದ್ದೆಗಣ್ಣಲ್ಲಿ ತೆಗೆದ ಫೋಟೋಗಳು ಅವು. ಪಟ್ಟಿ ಉಲ್ಟಾ ಕೂತಿರಬಹುದೆಂಬ ಯೋಚನೆಯೂ ಬಂತು. ಹಾಲಮ್ಮನ ಸೆರಗು ನೋಡಿದೆ. ಎಡ ಹೆಗಲ ಮೇಲೆ, ಹೇಗಿರಬೇಕೋ ಹಾಗೇ ಇತ್ತು. ದಿನಕ್ಕೆ ಹತ್ತು ಸೀರೆ ಮಡಿಸುವವನಿಗೆ ಸೆರಗಿನ ವಿಷಯದಲ್ಲಿ ತಪ್ಪಾಗುವುದಿಲ್ಲ. ಫೋಟೋ ಸರಿಯಾಗಿದೆ. ಅವಳು ಬಲಕ್ಕೇ ನಿಂತಿದ್ದಾಳೆ. ಹಿಂದಿನ ವರ್ಷಗಳದ್ದು ಹೇಗೋ ದಾಟಿತು ಎಂದುಕೊಂಡರೂ ಈ ವರ್ಷದವೂ ಹಾಗೇ ಇದ್ದವು, ಅವು ತೆಗೆದು ಎರಡು ತಿಂಗಳಾಗಿತ್ತಷ್ಟೇ.

ಕಂಪ್ಯೂಟರ್ ಮುಚ್ಚಿಟ್ಟೆ. "ಇನ್ನೂ ಸರಿ ಬಂದಿಲ್ಲ" ಎಂದು ಹೇಳಿದೆ. ಮಾರನೆಯ ದಿನ ಅವಳಿಗೆ ಇಷ್ಟವೆಂದು ಶಾವಿಗೆ ಪಾಯಸ ಮಾಡಿದೆ, ಅದರ ಮರುದಿನ ಹೋಳಿಗೆ. "ಏನಪ್ಪಾ, ಲಾಟರಿ ಹೊಡೀತಾ?" ಎಂದು ನಕ್ಕಳು. ಬಾವಿ ಕಟ್ಟೆಯ ಹತ್ತಿರ ಹೋಗಬೇಡವೆಂದೆ. ಸೈಕಲ್ಲಿಗೆ ಬೀಗ ಹಾಕಿದೆ. ಬೇಕರಿಯಲ್ಲಿ ನಿಂತಿದ್ದಾಗ ಹೊರಗೆ ಯಾರಾದರೂ ಓಡಿಬರುವ ಸದ್ದಾದರೆ ಕೈಯಲ್ಲಿದ್ದ ಬ್ರೆಡ್ಡಿನ ತಟ್ಟೆ ಕೆಳಗಿಟ್ಟು ಬಾಗಿಲಿಗೆ ಬರುತ್ತಿದ್ದೆ.

ಆ ವಾರವೇ ಅವಳು ಶಾಲೆಯ ಖೋಖೋ ತಂಡಕ್ಕೆ ಆಯ್ಕೆಯಾದಳು. ಹೊಳೆಯ ಆಚೆಯ ಊರಿನಲ್ಲಿ ಆಟ, ಮೂರು ದಿನ. ಲಾಂಚಿನಲ್ಲಿ ದಾಟಬೇಕು. ಒಪ್ಪಿಗೆ ಚೀಟಿ ತಂದಳು. ನಾನು ಸಹಿ ಹಾಕಲಿಲ್ಲ.

"ಯಾಕೆ?"

"ಬೇಡ ಅಂದ್ರೆ ಬೇಡ."

"ಎಲ್ಲರ ಅಪ್ಪಂದಿರೂ ಹಾಕಿದಾರೆ. ಕುಡಿದು ಬಿದ್ದಿರೋ ಮಂಜಿ ಅಪ್ಪನೂ ಎದ್ದು ಹಾಕಿದಾನೆ. ನಿಂಗೆ ಮಾತ್ರ ಏನು ಬಂದಿರೋದು?"

"ಹೊಳೆ ತುಂಬಿದೆ."

"ಬ್ಯಾಸಿಗೇಲಿ ತುಂಬಿದ್ಯಾ!" ಚೀಟಿಯನ್ನು ಮೇಜಿನ ಮೇಲೆ ಎಸೆದು ಒಳಗೆ ಹೋದಳು. ನಾನು ಇಸ್ತ್ರಿಪೆಟ್ಟಿಗೆ ಎತ್ತಿಕೊಂಡೆ. ಯಾರದೋ ಅಂಗಿಯ ಬೆನ್ನು ಸುಟ್ಟಿತು. ಇಪ್ಪತ್ತು ವರ್ಷದಲ್ಲಿ ಸುಟ್ಟ ಮೊದಲನೇ ಅಂಗಿ.

ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ ಅವಳು ಕಂಪ್ಯೂಟರನ್ನು ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಪರದೆಯಲ್ಲಿ ಈ ವರ್ಷದ ಫೋಟೋ ತೆರೆದಿತ್ತು.

"ಇದಕ್ಕಾ ಅಪ್ಪಾ? ಪಾಯಸ, ಹೋಳಿಗೆ, ಎಲ್ಲ ಇದಕ್ಕಾ?"

ಅವಳು ಅಳುತ್ತಾಳೆಂದುಕೊಂಡೆ. ಅವಳು ಪರದೆಯನ್ನು ಕಣ್ಣಿನ ಹತ್ತಿರ ತಂದು ನೋಡುತ್ತಿದ್ದಳು. "ಅಮ್ಮನ ಮೂಗು ನನಗೆ ಬಂದಿದೆ" ಅಂದಳು. ಆಮೇಲೆ, "ನನ್ನ ಹುಬ್ಬಿನ ಗಾಯ ಯಾವ ಕಡೆ ಇರೋದು?"

ಎಂಟನೇ ವರ್ಷದಲ್ಲಿ ಹೊಸ್ತಿಲಿಗೆ ಎಡವಿ ಬಿದ್ದು ಹುಬ್ಬು ಸೀಳಿಕೊಂಡಿದ್ದಳು, ಮೂರು ಹೊಲಿಗೆ. "ಎಡಗಡೆ" ಅಂದೆ.

"ಇದರಲ್ಲಿ ಬಲಗಡೆ ಇದೆ."

ನೋಡಿದೆ. ಹೌದು. ಆದರೂ ಹಾಲಮ್ಮನ ಹೆಗಲ ಮೇಲೆ ಬೆರಳಿಟ್ಟು ತೋರಿಸಿದೆ. "ಸೆರಗು ನೋಡು. ಅಮ್ಮನ ಸೆರಗು ಸರಿಯಾಗಿದೆ."

"ಹಂಗಾದ್ರೆ ಒಂದು ಫೋಟೋದಲ್ಲಿ ನಾನು ಉಲ್ಟಾ, ಅಮ್ಮ ಸೀದಾನಾ?"

ಪಕ್ಕದ ಮನೆಯ ಸಣ್ಣೀರಕ್ಕ ಸೀರೆ ತೆಗೆದುಕೊಂಡು ಹೋಗಲು ಬಂದವಳು ನಮ್ಮಿಬ್ಬರ ಮುಖ ನೋಡಿ ಬಾಗಿಲಲ್ಲೇ ನಿಂತಳು. ಹಾಲಮ್ಮನನ್ನು ಕೊನೆಗೆ ಸಿದ್ಧ ಮಾಡಿದ ನಾಲ್ವರಲ್ಲಿ ಅವಳೇ ಹಿರಿಯಳು. ಸಂಪಿಗೆ ಪರದೆ ತೋರಿಸಿದಳು. ಸಣ್ಣೀರಕ್ಕ ಮೊದಲು ಹಾಲಮ್ಮನಿಗೆ ಕೈ ಮುಗಿದು, ಆಮೇಲೆ ನನ್ನನ್ನು ನೋಡಿ ಹಣೆ ಹಣೆ ಬಡಿದುಕೊಂಡಳು.

"ಏನ್ ಗಂಡಸೋ ನೀನು! ಹೋಗೋರಿಗೆ ಸೆರಗು ಬಲಕ್ಕೆ ಹಾಕ್ತೀವಿ ಕಣೋ. ಇರೋರಿಗೆ ಎಡ, ಹೋಗೋರಿಗೆ ಬಲ. ನನ್ನ ಈ ಕೈಯಾರೆ ಬಲ ಹೆಗಲಿಗೆ ಹಾಕಿ ಪಿನ್ನು ಚುಚ್ಚಿದೀನಿ. ಇದರಲ್ಲಿ ಎಡಕ್ಕೆ ಹೆಂಗೆ ಬಂತು?"

"ನೀವು ಯಾರೂ ನನಗೆ ಹೇಳಿಲ್ಲ."

"ಅದು ಗಂಡಸರಿಗೆ ಹೇಳೋದಲ್ಲ. ಪರದೆ ಯಾಕೆ ಕಟ್ಟೋದು ಮತ್ತೆ?"

ಇಬ್ಬರೂ ಉಲ್ಟಾ. ಪಟ್ಟಿಯೇ ಉಲ್ಟಾ. ಒಳಗೆ ಓಡಿಹೋಗಿ ತಟ್ಟೆ ಎಳೆದು ನೋಡಿದೆ. ರೀಲಿಗೆ ಒಂದು ಮಗ್ಗುಲು ಹೊಳಪು, ಇನ್ನೊಂದು ಮಗ್ಗುಲು ಮಂಕು. ಈ ಪೆಟ್ಟಿಗೆಗೆ ಹೊಳಪು ಮೇಲೆ ಬರಬೇಕು. ನಾನು ಎಲ್ಲ ಪಟ್ಟಿಯನ್ನೂ ಹೊಳಪು ಕೆಳಗೆ ಮಾಡಿ ಇಟ್ಟಿದ್ದೆ. ಯೋಚಿಸಿ ಇಟ್ಟದ್ದಲ್ಲ, ಕೈ ತಾನೇ ಇಟ್ಟದ್ದು. ಬಣ್ಣದ ಬಟ್ಟೆಗೆ, ರೇಷ್ಮೆಗೆ ಹಾಗೇ ಮಾಡುವುದು: ಹೊಳಪಿನ ಮಗ್ಗುಲು ಒಳಗೆ, ಹಿಂಬದಿ ಮೇಲೆ. ಇಲ್ಲದಿದ್ದರೆ ಬಟ್ಟೆ ಹಾಳು. ಇಪ್ಪತ್ತು ವರ್ಷದ ಕೈಗೆ ಇದು ಬಟ್ಟೆಯಲ್ಲವೆಂದು ಯಾರು ಹೇಳಬೇಕು. ಪಟ್ಟಿಯ ಅಂಚಿನಲ್ಲಿ ಅಂಕಿಗಳಿವೆ, ಅವನ್ನು ನೋಡಿದ್ದರೂ ತಿಳಿಯುತ್ತಿತ್ತು. ಅವು ತಟ್ಟೆಯ ಚೌಕಟ್ಟಿನ ಕೆಳಗೆ ಮುಚ್ಚಿಹೋಗಿದ್ದವು.

ಪಟ್ಟಿ ಮಗುಚಿ ಹಾಕಿದೆ. ಹಾಲಮ್ಮ ಮಗಳ ಎಡಕ್ಕೆ ಬಂದು ನಿಂತಳು. ಚಾಚಿದ ಎಡಗೈ ಮತ್ತು ಅವಳ ಬಲಗೈ ನಡುವೆ ಒಂದು ಗೇಣು ಅಂತರ. ಪ್ರತಿ ವರ್ಷವೂ ಅಷ್ಟೇ ಅಂತರ, ಒಂದು ಬೆರಳಿನಷ್ಟೂ ಹತ್ತಿರ ಬಂದಿರಲಿಲ್ಲ. ಸಣ್ಣೀರಕ್ಕ ಸೆರಗು ನೋಡಿ, "ಈಗ ನೋಡು" ಅಂದಳು. ಸಂಪಿಗೆ ಒಂದೊಂದು ಫೋಟೋಕ್ಕೂ "ಅಮ್ಮಾ", "ಅಮ್ಮಾ" ಎಂದು ಎಣಿಸಿದಂತೆ ಹೇಳಿದಳು. ಮೂವತ್ತೈದನ್ನೂ ಮತ್ತೆ ಮಾಡಲು ಎರಡು ದಿನ ಹಿಡಿಯಿತು. ಒಪ್ಪಿಗೆ ಚೀಟಿಗೆ ಸಹಿ ಹಾಕಿದೆ, ಸೈಕಲ್ಲಿನ ಬೀಗ ತೆಗೆದೆ. ಇವತ್ತು ಬೆಳಗ್ಗೆ ಲಾಂಚಿನ ತನಕ ಹೋಗಿ ಕಳಿಸಿಬಂದೆ. "ಸೋತು ಬಂದ್ರೂ ಹೋಳಿಗೆ ಮಾಡ್ತೀಯಾ?" ಎಂದು ಲಾಂಚಿನಿಂದ ಕೂಗಿದಳು. "ಸೋತ್ರೆ ಗಂಜಿ" ಎಂದೆ. ಅವಳ ಗೆಳತಿಯರೆಲ್ಲ ನಕ್ಕರು. ಸಂಜೆ ಆಚೆ ದಡದಿಂದ ಮೇಡಂ ಫೋನು ಮಾಡಿ ಎಲ್ಲರೂ ಮುಟ್ಟಿದ್ದೇವೆಂದು ಹೇಳಿದರು.

ಮನೆ ಖಾಲಿಯಿತ್ತು. ಉಳಿದದ್ದು ಕೊನೆಯ ಒಂಟಿ ಫೋಟೋ. ಗಾತ್ರ ಚಿಕ್ಕದಾದ್ದರಿಂದ ತಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ, ಅದಕ್ಕೇ ಇಷ್ಟು ದಿನ ಬಿಟ್ಟಿದ್ದೆ. ಮಡಿಸಿದ ಅಂಗಿಯೊಳಗೆ ಇಡುವ ರಟ್ಟನ್ನು ಕತ್ತರಿಸಿ ಅದಕ್ಕೊಂದು ಚೌಕಟ್ಟು ಮಾಡಿದೆ. ಹೊಳಪು ಮೇಲೆ. ಅಂಚಿನ ಮೂವತ್ತಾರು ನೆಟ್ಟಗೆ ಓದಿಸಿಕೊಂಡಿತು. ಧೂಳಿನ ಗುರುತು ತೆಗೆದಿದ್ದೇನೆಂದು ಎರಡು ಸಲ ನೋಡಿದೆ. ಬಿಳಿಗೆ ಸಂಪಿಗೆಯ ಕಾಲರು ತೋರಿಸಿದೆ.

ಮೊದಲು ಸಂಪಿಗೆ, ಹುಬ್ಬಿನ ಗಾಯ ಎಡಕ್ಕೆ, ನಗು ತಡೆಯಲಾರದೆ. ಅವಳ ಎಡಕ್ಕೆ ಒಂದು ಗೇಣು ಬಿಟ್ಟು ಹಾಲಮ್ಮ. ಆಚೆ, ಬೆವರಿದ ಬನಿಯನ್ನಿನಲ್ಲಿ, ಕೈ ಎಲ್ಲಿಡಬೇಕೆಂದು ತಿಳಿಯದೆ ನಾನು. ಮೂವತ್ತೈದು ಫೋಟೋಗಳಲ್ಲಿ ಹಾಲಮ್ಮ ನೇರ ಕ್ಯಾಮೆರಾವನ್ನು ನೋಡುತ್ತಿದ್ದಳು. ಅದರ ಹಿಂದೆ ನಾನಿದ್ದೆ. ಇದರಲ್ಲಿ ಮುಖ ತಿರುಗಿಸಿದ್ದಾಳೆ, ನನ್ನ ಕಡೆಗೆ. ಎಡಗೈ ನನ್ನ ಬಲ ಹೆಗಲ ಮೇಲಿದೆ.

ಅವಳನ್ನು ಪಕ್ಕಕ್ಕೆ ಇಟ್ಟು ನನ್ನ ಬಣ್ಣ ಸರಿಮಾಡಲು ನೋಡಿದೆ. ಸಂಪಿಗೆ ಸರಿಯಾದಾಗ ಹಾಲಮ್ಮ ಪಾಚಿಯಾದಳು, ಎಂದಿನ ಹಾಗೆ. ನಾನೂ ಆದೆ. ಹಾಲಮ್ಮನಿಗೆ ಗೋಧಿ ಬಣ್ಣ ತಂದೆ. ನನಗೂ ಜೀವಂತ ಬಣ್ಣ ಬಂತು, ಸಂಪಿಗೆಯೊಬ್ಬಳೇ ಬೂದಿಯಾದಳು. ಅದನ್ನು ತಕ್ಷಣ ಹಿಂದಕ್ಕೆ ಎಳೆದೆ. ಆಮೇಲೆ ಧೂಳು ತೆಗೆಯುವುದನ್ನು ಹಾಕಿ ಮತ್ತೊಮ್ಮೆ ಸ್ಕ್ಯಾನ್ ಮಾಡಿದೆ. ಯಾಕೆ ಮಾಡಿದೆನೋ ಗೊತ್ತಿಲ್ಲ. ಹಾಲಮ್ಮ ಹೋದಳು, ಗೋಡೆ ನುಣುಪಾಯಿತು. ಅವಳ ಜೊತೆ ನನ್ನ ಬಲ ಹೆಗಲೂ ಕುತ್ತಿಗೆಯ ಅರ್ಧವೂ ಹೋಗಿ, ಅಲ್ಲೂ ನೀಲಿ ಸುಣ್ಣ ಬಂದಿತ್ತು.

ಪೀರಣ್ಣನ ಹಾಗೆ ಪರದೆಯ ಮೇಲೆ ಹೆಬ್ಬೆರಳಿಟ್ಟು ಮುಚ್ಚಿದೆ. ಮನೆಯಲ್ಲಿ ದೊಡ್ಡವರು ಯಾರೆಂದು ಕೇಳಿದರೆ ನಾನೇ.

ಬೆಳಗ್ಗೆ ನಾಲ್ಕಕ್ಕೆ ಬೇಕರಿಗೆ ಹೋಗಬೇಕು, ಆದರೂ ಇದನ್ನು ಬರೆದಿಟ್ಟು ಮಲಗುತ್ತೇನೆ. ಊರಿನ ಡಬ್ಬಗಳಲ್ಲಿ ಇನ್ನೂ ಬಹಳ ಪಟ್ಟಿಗಳಿವೆ, ಸಂಪಿಗೆ ಮಾಡಬಲ್ಲಳು. ಪಟ್ಟಿಯ ಹೊಳಪು ಮೇಲೆ ಇರಲಿ. ಅಂಕಿ ನೆಟ್ಟಗೆ ಓದಿಸುತ್ತದೆಯೇ ನೋಡಬೇಕು. ಧೂಳು ತೆಗೆಯುವುದನ್ನು ಹಾಕಬಾರದು, ಕೈಯಲ್ಲೇ ಊದಿ ಒರೆಸಬೇಕು. ಬಣ್ಣವನ್ನು ಇರುವವರಿಗೆ ಸರಿಮಾಡಬೇಕು, ಹೋದವರಿಗಲ್ಲ. ಈ ಕೊನೆಯ ಫೋಟೋದ ವಿಷಯ ಸಣ್ಣೀರಕ್ಕನಿಗೆ ನಾಳೆ ಹೇಳುತ್ತೇನೆ, ಮಗಳಿಗೆ ಆಟ ಮುಗಿಸಿ ಬಂದ ಮೇಲೆ.

ಹಾಲಮ್ಮ ನಿಂತಿರುವ ಜಾಗ ಮಗಳ ಎಡ, ನನ್ನ ಬಲ. ನನ್ನ ವಿಷಯವನ್ನು ಅವಳು ಕೇಳಿದ್ದಳು, ಬಿಡು ಅಂದವನು ನಾನು. ಮಗಳ ವಿಷಯದಲ್ಲಿ ಕೊಟ್ಟ ಮಾತನ್ನು ಅವಳು ಉಳಿಸಿಕೊಂಡಿದ್ದಾಳೆ.